ಬಟ್ಟಲಿರುವ ಫಿಲ್ಟರ್

ಗೆಳೆಯರೇ, ಇವತ್ತು ಬೆಳಿಗ್ಗೆ ಹಾರಂಗಿ ಹಿನ್ನೀರಿನ ನಡುವೆ ನಮ್ಮ ದೋಣಿಯ ಎಂಜಿನ್ ನಿಂತಿತು. ದೋಣಿಯಲ್ಲಿ ಕೆಲಸಕ್ಕೆ ಹೊರಟ ಹೆಂಗಸರಿದ್ದರು. ಗಾಳಿ ನಮ್ಮನ್ನು ಮುಳುಗಿದ ಮರದ ಬೊಡ್ಡೆಗಳತ್ತ ತಳ್ಳುತ್ತಿತ್ತು. ಹೇಗೋ ಹುಟ್ಟು ಹಾಕಿ ದಡ ಸೇರಿದೆವು. ನೋಡಿದರೆ, ಡೀಸೆಲ್‌ಗೆ ನೀರು ಸೇರಿತ್ತು.

ದೋಣಿಯಲ್ಲಿ ಪಾಲಿರುವ ಭಾವನ ಜೊತೆ ಕುಶಾಲನಗರದ ಬಿಡಿಭಾಗದ ಅಂಗಡಿಗೆ ಹೋದೆ. ಭಾವ ಮಾಮೂಲಿ ಡೀಸೆಲ್ ಫಿಲ್ಟರ್ ಎತ್ತಿಕೊಂಡರು.

"ತೋಟದ ಪಂಪ್‌ಸೆಟ್ಟಿಗೂ ಇದೇ ಅಲ್ವಾ, ಸಾಕು ಬಿಡು."

"ಪಂಪ್‌ಸೆಟ್ ನಿಂತ್ರೆ ಮನೆಗೆ ನಡ್ಕೊಂಡು ಬರಬಹುದು ಭಾವ. ಡೀಸೆಲ್‌ನಲ್ಲಿರೋ ನೀರು ಅಡೀಲಿ ಇಳಿದು ನಿಲ್ಲೋ ಬಟ್ಟಲಿರೋದೇ ಬೇಕು. ಇಲ್ಲಾಂದ್ರೆ ನಾನು ದೋಣಿ ಹತ್ತಲ್ಲ."

ಭಾವ ಮುಖ ಗಂಟಿಕ್ಕಿಕೊಂಡೇ ಫಿಲ್ಟರ್ ಕೆಳಗಿಟ್ಟರು.

ಟ್ಯಾಂಕ್ ತೊಳೆದು, ಬಟ್ಟಲಿನದನ್ನೇ ಕೂರಿಸಿದೆವು. ಸಂಜೆ ಹೆಂಗಸರು ಹೆದರುತ್ತಲೇ ಹತ್ತಿದಾಗ ಭಾವ ಧೈರ್ಯ ಹೇಳಿದರು: "ಏನೂ ಆಗಲ್ಲ ಕೂತ್ಕೊಳ್ಳಿ. ನಾನೇ ಹಠ ಮಾಡಿ ಒಳ್ಳೇ ಫಿಲ್ಟರ್ ಹಾಕಿಸಿದೀನಿ."

ಎಂಜಿನ್ ನಿಲ್ಲದೆ ಓಡುತ್ತಿತ್ತು. ನಾನು ನಗು ತಡೆದುಕೊಂಡು ಚುಕ್ಕಾಣಿ ಹಿಡಿದೆ.