ಕಮಲಕ್ಕನ ಖಣ ಕಡಲು ದಾಟಿದ್ದು

ಕಮಲಕ್ಕ ಯಾರನ್ನೂ ಮುಖ ನೋಡಿ ಗುರುತು ಹಿಡಿದವಳಲ್ಲ. ರವಿಕೆಯ ತೋಳು ನೋಡಿ ಹಿಡಿಯುತ್ತಿದ್ದಳು. ಇಳಕಲ್ಲಿನ ಅರ್ಧ ಹೆಂಗಸರ ರವಿಕೆ ಹೊಲಿದವಳು ಅವಳೇ. "ಎಡತೋಳು ಒಂಚೂರು ಬಿಗಿ ಬಂದೈತಿ ನೋಡು, ಗುಡೂರಾಕಿ ಇರಬೇಕು," ಎಂದರೆ ಆಕೆ ಗುಡೂರಿನವಳೇ ಆಗಿರುತ್ತಿದ್ದಳು.

ಅವಳ ಅಂಗಡಿಯ ಎದುರಿಗೇ ನನ್ನ ಕಂಪ್ಯೂಟರ್ ಸೆಂಟರ್. ಎರಡು ಸಾವಿರದ ಏಳೋ ಎಂಟೋ ಇರಬೇಕು, ಎಲ್ಲೆಲ್ಲಿಯದೋ ಹೆಂಗಸರು ತಮ್ಮ ಉಡುಗೆಯ ಫೋಟೋಗಳನ್ನು ನೆಟ್‌ನಲ್ಲಿ ಹಾಕುವುದನ್ನು ಅವಳಿಗೆ ತೋರಿಸಿದೆ. ಮುಗೀತು ಕಥೆ! ಮರುವಾರವೇ ತಮ್ಮನ ಹಳೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದು, "ನನಗೂ ಒಂದು ಬ್ಲಾಗ್ ತಗದು ಕೊಡ ತಂಗಿ," ಎಂದು ಕೂತೇಬಿಟ್ಟಳು.

ಕೆರೂರ ಸಂತೆಗೆ ಬಂದವರ ತಲೆಯ ಪಟಗಗಳು, ಕಂಡಕ್ಟರನ ಚೀಲದ ಪಟ್ಟಿ, ಎತ್ತಿನ ಕೊಂಬಿನ ಬಣ್ಣ, ರೊಟ್ಟಿ ಬುಟ್ಟಿಯ ಹೆಣಿಗೆ, ಎಲ್ಲವೂ ಅವಳಿಗೆ ಫ್ಯಾಷನ್ನೇ. ಅವಳು ಹೇಳುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಬಾದಾಮಿ ಗುಹೆಯ ಶಿಲ್ಪದ ಸೊಂಟಪಟ್ಟಿಯ ಕೆಳಗೆ, "ಈ ಕಲ್ಲಿನಾಕಿ ಟೇಲರ್ ಯಾರೋ ಏನೋ, ಫಿಟಿಂಗ್ ಭಾಳ ಛಲೋ ಐತಿ ಅಂತ ಹಾಕು," ಎಂದಳು. ಹಾಕಿದೆ. ತನ್ನ ಫೋಟೋ ಮಾತ್ರ ಒಂದನ್ನೂ ಹಾಕಿಸಲಿಲ್ಲ.

ಒಂದು ದಿನ ಪೋರ್ಚುಗಲ್ಲಿನ ಮರಿಯಾ ಎಂಬಾಕೆ, ನಿಮ್ಮ ಚಿತ್ರ ನೋಡಿ ದಿನವೆಲ್ಲ ಖುಷಿಯಾಯಿತು ಎಂದು ಬರೆದಳು. ಕಮಲಕ್ಕ ಗಡಬಡಿಸಿ ಎದ್ದಳು. "ಅಷ್ಟು ದೂರದಿಂದ ಬಂದು ಮಾತಾಡ್ಸ್ಯಾಳ, ಖಾಲಿ ಕೈಲೆ ಹೆಂಗ ಕಳಸೂದು? ವಿಳಾಸ ಕೇಳು!"

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆ ಕುಂಕುಮ ಹಚ್ಚಿ ಖಣ, ಎಂದರೆ ರವಿಕೆಯ ಬಟ್ಟೆ, ಮುಕ್ಕೋನ ಮಡಿಸಿ ಕೊಡುವುದು ರೂಢಿ. ಗಂಡ ತೀರಿಕೊಂಡ ಮೇಲೆ ಎಂಟು ವರ್ಷದಿಂದ ಕಮಲಕ್ಕನಿಗೆ ಯಾರೂ ಖಣ ಕೊಟ್ಟಿರಲಿಲ್ಲ. ಊರಿನ ಖಣಗಳೆಲ್ಲ ಅವಳ ಮಿಷನ್ನಿನಡಿ ಹಾದು ಹೋಗುತ್ತಿದ್ದವು, ಒಂದೂ ಅವಳದಲ್ಲ. ನೆನೆದಾಗೆಲ್ಲ ನನಗೆ ಮೈಯುರಿಯುತ್ತಿತ್ತು. ಅವಳು ಮಾತ್ರ ಮರಿಯಾಳಿಗೆಂದು ಒಂದು ಖಣ ಮಡಿಸಿಕೊಂಡು ಪೋಸ್ಟ್ ಆಫೀಸಿಗೆ ಓಡಿದಳು.

ತಿಂಗಳ ಮೇಲೆ ಮರಿಯಾಳ ಫೋಟೋ ಬಂತು. ಖಣದ ಮಡಿಕೆಯನ್ನು ಬಿಚ್ಚದೆ, ಹಾಗೆಯೇ ಟೋಪಿಯಂತೆ ತಲೆಗೆ ಸಿಕ್ಕಿಸಿಕೊಂಡು ಠೀವಿಯಿಂದ ನಿಂತಿದ್ದಳು! ಖಣವನ್ನು ಏನು ಮಾಡಬೇಕೆಂದು ಬರೆಯುವುದನ್ನೇ ನಾವು ಮರೆತಿದ್ದೆವು. ಕಮಲಕ್ಕ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. "ತಿದ್ದಬ್ಯಾಡ ಮಾರಾಯ್ತಿ, ಅಕಿಗೆ ಒಪ್ಪೇತಿ!"

ಆಮೇಲೆ ಪಾರ್ಸೆಲ್ ಬಂತು. ಹಸಿರು ಹೂವಿನ ಬಟ್ಟೆ, ಮುಕ್ಕೋನವಾಗಿಯೇ ಮಡಿಸಿದ್ದು. ಜೊತೆಗೊಂದು ಚೀಟಿ: ಈ ಮಡಿಕೆ ನಿಮ್ಮಿಂದ ಕಲಿತೆ, ಈಗ ನೀವು ಹಾಕಿಕೊಂಡು ಫೋಟೋ ಕಳಿಸಿ.

ಕಮಲಕ್ಕನ ನಗು ನಿಂತಿತು. ಮಡಿಕೆ ಬಿಚ್ಚದೆ ಬಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟಳು. "ಗೊತ್ತಿಲ್ಲದ ಕೊಟ್ಟಾಳ. ಗೊತ್ತಿದ್ರ ಕೊಡ್ತಿದ್ಲೇನು? ಖರೆ ಬರದು ಕೇಳು. ಹ್ಞೂಂ ಅಂದ್ರ ಹೊಲಕೋತೇನಿ, ಇಲ್ಲಂದ್ರ ತಿರುಗಿ ಕಳಸ್ತೇನಿ."

ಗಂಡನ ವಿಷಯ, ರೂಢಿಯ ವಿಷಯ, ಎಲ್ಲ ಬರೆದೆ. ಎರಡು ದಿನ ಅವಳು ಮಿಷನ್ ತುಳಿಯಲಿಲ್ಲ, ನನ್ನ ಬಾಗಿಲನ್ನೇ ನೋಡುತ್ತಿದ್ದಳು. ಮೂರನೆಯ ದಿನ ಬಂದ ಉತ್ತರ ಎರಡೇ ಸಾಲು: ನಿಮಗೆಂದೇ ಆರಿಸಿದ ಬಟ್ಟೆ ಅದು. ತೋಳು ಎಷ್ಟು ಉದ್ದ ಇಡುತ್ತೀರಿ?

"ನೋಡು, ನೋಡು, ತೋಳು ಕೇಳ್ಯಾಳ!" ಎಂದು ಕಮಲಕ್ಕ ಕಣ್ಣೊರೆಸಿಕೊಳ್ಳುತ್ತ ಕುಣಿದಳು. ಅಂದು ಸಂಜೆಯೊಳಗೆ ರವಿಕೆ ಸಿದ್ಧ.

ಈಗ ಆ ಬ್ಲಾಗೂ ಇಲ್ಲ, ಕಮಲಕ್ಕನೂ ಇಲ್ಲ. ಆ ರವಿಕೆ ತೊಟ್ಟಾಗ ನಾನು ತೆಗೆದ ಫೋಟೋ ಒಂದು ನನ್ನ ಬಳಿ ಉಳಿದಿದೆ. ನಗುತ್ತ ಅಲ್ಲಾಡಿದ್ದರಿಂದ ಅವಳ ಮುಖ ಪೂರ್ತಿ ಮಸುಕು. ಮತ್ತೊಂದು ತೆಗೆಯುತ್ತೇನೆ ಎಂದರೆ ಅವಳು ಕೇಳಲಿಲ್ಲ.

"ಮುಖ ಬರದಿದ್ರ ಬಿಡು. ತೋಳು ಬಂದೈತಿಲ್ಲೋ? ಅಕಿ ಗುರುತು ಹಿಡೀತಾಳ, ಕಳಸು."