ಯಾವೂರು, ಯಾರ ಮನೆಯವರು?

ಹೊಸ ಮುಖ ಕಂಡರೆ ನಿಂಗಮ್ಮಜ್ಜಿಯ ಬಾಯಲ್ಲಿ ಮೂರು ಪ್ರಶ್ನೆ ಸಿದ್ಧವಾಗಿರುತ್ತಿದ್ದವು: ಯಾವೂರು, ಯಾರ ಮನೆಯವರು, ಏನು ಬಂದದ್ದು? ಹಾರನಹಳ್ಳಿಗೆ ಹೊಸದಾಗಿ ಬಂದ ಲೈನ್‌ಮನ್ ಕಂಬದ ಮೇಲಿಂದಲೇ ಉತ್ತರ ಕೊಡಬೇಕಾಯಿತು. ನಾನು ಪಂಚಾಯ್ತಿ ಗ್ರಂಥಾಲಯದ ಕೆಲಸಕ್ಕೆ ಸೇರಿದ ದಿನ ನನ್ನ ಅಜ್ಜಿಯ ತವರಿನ ತನಕ ಕೆದಕಿ, ಆಮೇಲೆ ಕೂತರು.

ಅಲ್ಲಿ ವಾರಕ್ಕೊಮ್ಮೆ ವಯಸ್ಸಾದವರಿಗೆ ಮೊಬೈಲಿನಲ್ಲಿ ಆರೋಗ್ಯದ ವಿಷಯ ಹುಡುಕುವುದನ್ನು ಹೇಳಿಕೊಡುತ್ತಿದ್ದೆ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ಮಾತ್ರ ಯಾರ ತಲೆಗೂ ಹತ್ತುತ್ತಿರಲಿಲ್ಲ. "ಅಜ್ಜಿ ಕೇಳ್ತಾರಲ್ಲ, ಆ ಮೂರು ಪ್ರಶ್ನೇನೇ ಫೋನಿಗೂ ಕೇಳಿ" ಎಂದೆ ಒಂದು ದಿನ. ಎಲ್ಲರೂ ನಕ್ಕರು, ಎಲ್ಲರಿಗೂ ಅರ್ಥವಾಯಿತು. ಅಜ್ಜಿಯಂತೂ ಮೇಷ್ಟ್ರೇ ಆಗಿಬಿಟ್ಟರು. ಬೆಳ್ಳುಳ್ಳಿಯಲ್ಲಿ ಸಕ್ಕರೆ ಕಾಯಿಲೆ ಓಡಿಸುವ ವಿಡಿಯೋ ತೋರಿಸಿದವನಿಗೆ, "ಇವ್ನ ಊರ್ ಯಾವ್ದ್ಲಾ? ಊರಿಲ್ದೋನ್ ಮಾತ್ ಕೇಳಿ ಮಾತ್ರೆ ಬಿಡ್ತೀಯಾ?" ಎಂದು ಗದರಿದರು. ನನಗೆ ಎಷ್ಟು ಜಂಬ!

ಆಮೇಲೆ ಎರಡು ವಾರ ಅಜ್ಜಿ ಬರಲಿಲ್ಲ. ನೋಡಲು ಹೋದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು, ಸೊಂಟಕ್ಕೆ ನೂಲು ಹಿಡಿದು ಅಳೆಯುತ್ತಿದ್ದರು. ಸರ್ಪಸುತ್ತು ಎದ್ದಿತ್ತು. ಬೆನ್ನಿನಿಂದ ಹೊಕ್ಕುಳಿನ ಕಡೆಗೆ ಗುಳ್ಳೆಗಳ ಸಾಲು, ಮೇಲೆ ಒಣಗಿದ ಕೆಮ್ಮಣ್ಣು.

"ತಲೆ ಬಾಲ ಕೂಡಿದ್ರೆ ಮುಗೀತು ಕಣವ್ವ. ಇನ್ನೊಂದ್ ಗೇಣೈತೆ."

"ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ ಅಜ್ಜಿ?"

"ಫೋನಲ್ಲಿ ಕೇಳ್ದೆ. ವಿಡಿಯೋದಾಗೆ ಬಸ್ತಿಹಳ್ಳಿ ಹುಡ್ಗ ಒಬ್ಬ ಹೇಳ್ದ, ಕೆಮ್ಮಣ್ ಹಚ್ಚಿ, ಹೊಸ್ಲು ದಾಟ್ಬ್ಯಾಡಿ ಅಂತ. ನನ್ ತವರೂರೋನು! ಅವ್ರ ತಾತನ್ನ ನಾನೇ ಕಂಡಿವ್ನಿ. ಏನಕ್ ಬಂದ್ಯಪ್ಪ ಅಂದ್ರೆ ಜನರ ಸೇವೆಗೆ ಅಂದ. ಮೂರಕ್ಕೂ ಉತ್ರ ಬಂತಲ್ಲ."

ನಾನು ಆಟೋದವನಿಗೆ ಫೋನು ಮಾಡಿದೆ.

ಅದೇ ಮಧ್ಯಾಹ್ನ ಆಟೋದಲ್ಲಿ ಅರಸೀಕೆರೆಗೆ ಕರೆದೊಯ್ದೆ. ಸುತ್ತು ಕೂಡಿದರೆ ಯಾರೂ ಸಾಯುವುದಿಲ್ಲ ಎಂದು ಡಾಕ್ಟರು ಧೈರ್ಯ ಹೇಳಿದರು. ಗುಳ್ಳೆ ಎದ್ದ ಎರಡು ಮೂರು ದಿನದಲ್ಲೇ ಮಾತ್ರೆ ಶುರುವಾಗಿದ್ದರೆ ನೋವು ಇಷ್ಟಿರುತ್ತಿರಲಿಲ್ಲವೇನೋ ಎಂದೂ ಅಂದರು. ಗುಳ್ಳೆ ಒಣಗಿತು, ನೋವು ಹೋಗಲಿಲ್ಲ. ಸೀರೆಯ ನೆರಿಗೆ ತಾಕಿದರೂ ಉರಿ. ಈಗ ಹೊಸ್ತಿಲಿನ ಭಯವಿರಲಿಲ್ಲ, ಆದರೂ ಅಜ್ಜಿಗೆ ಆ ಕೋಣೆ ತಪ್ಪಲಿಲ್ಲ.

ಕೊನೆಯ ಸಲ ಹೋದಾಗ ಸೀರೆಯನ್ನು ಒಂದು ಕೈಯಲ್ಲಿ ಮೈಯಿಂದ ದೂರ ಹಿಡಿದು ಕೂತಿದ್ದರು. "ತಪ್ಪು ನನ್ನದು ಅಜ್ಜಿ. ಏನು ಓದಿದ್ದಾನೆ ಅಂತ ಮೊದಲು ಕೇಳಬೇಕು ಅನ್ನೋದನ್ನ ನಾನು ಹೇಳಿಕೊಡ್ಲೇ ಇಲ್ಲ" ಎಂದು ಅತ್ತುಬಿಟ್ಟೆ.

"ಸುಮ್ಕಿರು, ಅಳ್ಬ್ಯಾಡ" ಎಂದರು. "ಹೆಣ್ ಕೊಡಕ್ಕಾಗಿದ್ರೆ ಆ ಮೂರ್ ಪ್ರಶ್ನೇನೇ ಸಾಕಿತ್ತು ಕಣವ್ವ."

ಯುಗಾದಿಗೆ ಮುಂಚೆ ಅಜ್ಜಿ ತೀರಿಕೊಂಡರು. ತರಗತಿ ಈಗಲೂ ನಡೆಯುತ್ತದೆ. ಹೊಸದಾಗಿ ಬಂದವರಿಗೆ, ನಾನು ಬಾಯಿ ತೆರೆಯುವ ಮೊದಲೇ, ಹಳಬರು ಹೇಳಿಕೊಟ್ಟುಬಿಡುತ್ತಾರೆ: "ಯಾವೂರು, ಯಾರ್ ಮನೆಯೋರು, ಏನ್ ಬಂದಿದ್ದು ಅಂತ ಕೇಳಿ, ಅಷ್ಟೇಯ." ನಾನು ತಿದ್ದುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ವಾರ ಮತ್ತೆ ಅದನ್ನೇ ಹೇಳುತ್ತಾರೆ.