ಕೈ ಬೇಡದ ಮೆಷಿನ್

ಬಿಸಿ ಅಲ್ಯೂಮಿನಿಯಂ ಮೇಲೆ ಸೀಮೆಎಣ್ಣೆ ಬಿದ್ದರೆ ಒಂದು ವಾಸನೆ ಬರುತ್ತದೆ. ಮೂಗಿನ ಒಳಗೆ ಹೋಗಿ ಕೂತುಬಿಡುವ ವಾಸನೆ. ಮೊನ್ನೆ ದುಬೈನ ಮಿರ್ದಿಫ್‌ನಲ್ಲಿ ಅಳಿಯನ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದಾಗ ಅವರ ಗ್ಯಾರೇಜಿನಿಂದ ಅದೇ ವಾಸನೆ ಬಂತು. ಅವರದ್ದು ಆಫೀಸಿನಲ್ಲಿ ದೊಡ್ಡ ಕೆಲಸ. ರಜೆಯ ದಿನ ಹೊತ್ತು ಕಳೆಯಲು ಒಂದು ಪುಟ್ಟ ಮೆಷಿನ್ ತರಿಸಿ ಇಟ್ಟುಕೊಂಡಿದ್ದಾರೆ. ಕಂಪ್ಯೂಟರ್ ಹೇಳಿದ ಹಾಗೆ ಅದು ಲೋಹ ಕೊರೆಯುತ್ತದೆ. ಇದಕ್ಕೆ ಸಿಎನ್‌ಸಿ ಅಂತ ಹೇಳ್ತಾರೆ ಅಜ್ಜಿ, ಎಂದರು. ಗೊತ್ತು, ಎಂದೆ. ಎಲ್ಲರೂ ನಕ್ಕರು. ನಗಲಿ.

ನನಗೆ ಬಾಲ್ಕನಿಯವನ ನೆನಪಾಗಿತ್ತು.

ಕೊರೊನಾ ಬರುವುದಕ್ಕೂ ಮೊದಲು ಮಗಳು ಅಳಿಯ ಅಬುಧಾಬಿಯಲ್ಲಿದ್ದರು, ಹಮ್ದಾನ್ ಸ್ಟ್ರೀಟ್‌ನ ಹಿಂದಿನ ಒಂದು ಹಳೆಯ ಕಟ್ಟಡದಲ್ಲಿ. ಬಾಡಿಗೆ ಹೊರಲಾರದೆ ಒಂದು ರೂಮನ್ನು ಬ್ಯಾಚುಲರ್ ಗಂಡಸರಿಗೆ ಕೊಟ್ಟಿದ್ದರು. ಬಾಲ್ಕನಿಗೂ ಪ್ಲೈವುಡ್ ಬಡಿದು ಅಲ್ಲಿ ಒಬ್ಬನನ್ನು ಹಾಕಿದ್ದರು. ಎಲ್ಲರಿಗೂ ಅಡುಗೆ ನನ್ನದು. ಅವನಿಗೊಂದು ಹೆಸರು ಇತ್ತು, ಆದರೆ ಆ ಮನೆಯಲ್ಲಿ ಅವನು ಬಾಲ್ಕನಿಯವ. ಇಲ್ಲಿಯೂ ಹಾಗೇ ಇರಲಿ.

ಉಡುಪಿ ಕಡೆಯವ. ಅಬುಧಾಬಿಯ ಹೊರಗೆ ಮುಸಫ್ಫಾದ ಒಂದು ವರ್ಕ್‌ಶಾಪ್‌ನಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ತಿರುಗಿಸುತ್ತಿದ್ದ. ಒಂದು ದಿನ ಆ ಮೆಷಿನ್ ಅವನ ಬಲಗೈಯ ಮೂರು ಬೆರಳು ತಿಂದಿತು. ಆಸ್ಪತ್ರೆಯಿಂದ ಬಂದವನು ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದ, ಬೇರೆ ಯಾರದೋ ಸಾಮಾನನ್ನು ಕಾಯುವವನ ಹಾಗೆ. ಎಡಗೈಯಲ್ಲಿ ಉಣ್ಣುತ್ತಿದ್ದ. ಅನ್ನ ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ನೆಲ ಒರೆಸುವವಳು ನಾನು, ಹಾಗಾಗಿ ಬಯ್ಯುತ್ತಿದ್ದೆ.

ಅಳಿಯ ಒಂದು ದಿನ ಬಡಿಸಿಕೊಳ್ಳುತ್ತಾ, "ಬೇಜಾರು ಮಾಡ್ಬೇಡ ಮಾರಾಯ, ಇನ್ನು ಉಗುರು ತೆಗೆಯುವ ಕೆಲ್ಸ ಕಮ್ಮಿ ಆಯ್ತಲ್ಲ" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ನಗದೆ ಹೋಗುವುದೆಲ್ಲಿಗೆ? ಬಾಲ್ಕನಿಯಿಂದ ಆಚೆ ಏಳು ಮಹಡಿ ಕೆಳಗೆ ರಸ್ತೆ.

ಅವನಿಗೆ ಇದ್ದ ಹೆದರಿಕೆ ಒಂದೇ. ವೀಸಾ. ರಜೆ ಮುಗಿದ ಮೇಲೆ ಅರಬಾಬ್ ಏನು ಹೇಳುತ್ತಾನೋ ಎಂದು. ಯಜಮಾನನಿಗೆ ಇಲ್ಲಿ ಅರಬಾಬ್ ಎನ್ನುತ್ತಾರೆ. ಈ ಅರಬಾಬ್ ಅರಬಿಯೇನೂ ಅಲ್ಲ, ಮಂಗಳೂರು ಕಡೆಯವ. ಊರಲ್ಲಿ ಬಾಲ್ಕನಿಯವನ ಮಗಳು ನರ್ಸಿಂಗ್ ಓದುತ್ತಿದ್ದಳು. ಎರಡು ಬೆರಳಿನ ಮಿಲ್ಲಿಂಗ್‌ನವನಿಗೆ ಊರಿನಲ್ಲಿ ಯಾರು ಕೆಲಸ ಕೊಡುತ್ತಾರೆ ಅಕ್ಕಾ, ಎಂದು ಕೇಳುತ್ತಿದ್ದ. ಯಾರೂ ಕೊಡುವುದಿಲ್ಲ ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅವನೂ ನಿಜ ತಿಳಿಯಲೆಂದೇ ಕೇಳಿದ್ದು.

ಆಗ ಅರಬಾಬ್ ಒಂದು ಪೆಟ್ಟಿಗೆ ಕಳಿಸಿದ. ಇಬ್ಬರು ಹೊತ್ತು ತಂದರು. ದೊಡ್ಡ ಸಿಎನ್‌ಸಿ ಕೊಳ್ಳಲು ಅವನಿಗೆ ಮನಸ್ಸಿಲ್ಲ. ಹವ್ಯಾಸದವರು ಮನೆಯಲ್ಲಿ ಇಟ್ಟುಕೊಳ್ಳುವ ಕಡಿಮೆ ಬೆಲೆಯದ್ದನ್ನು ಆನ್‌ಲೈನ್‌ನಲ್ಲಿ ತರಿಸಿದ್ದ. ಬೋಟಿನ ಬಾಗಿಲಿಗೆ ಹಾಕುವ ಅಲ್ಯೂಮಿನಿಯಂ ಬ್ರಾಕೆಟ್‌ಗಳ ಕೆಲಸ ಅವನಿಗೆ ಸಿಕ್ಕಿತ್ತು. ಈ ಆಟದ ಸಾಮಾನಿನಂಥದ್ದು ಅದನ್ನು ಕೊರೆಯುತ್ತದೋ ಇಲ್ಲವೋ, ರಜೆಯಲ್ಲಿ ಸುಮ್ಮನೆ ಕೂತವನು ಪರೀಕ್ಷೆ ಮಾಡಿ ಹೇಳಲಿ ಎಂದು ಕಳಿಸಿದ್ದು.

ಬಾಲ್ಕನಿಯವ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡ. ಮೆಷಿನ್ ಪಾಸಾದರೆ ಅದನ್ನು ಓಡಿಸುವವನು ತಾನೇ, ಬೆರಳು ಇದ್ದರೇನು ಬಿಟ್ಟರೇನು, ಎಂಬುದು ಅವನ ಲೆಕ್ಕ. ಬೇರೆ ಯಾರಾದರೂ ಆಗಿದ್ದರೂ ಹಾಗೇ ಲೆಕ್ಕ ಹಾಕುತ್ತಿದ್ದರು.

ಮೆಷಿನ್ ಮಂಚದ ಪಕ್ಕ ಕೂತಿತು. ಅವನು ಕಾಲು ಮಡಚಿ ಮಲಗುವ ಹಾಗಾಯಿತು. ಮೊದಲ ದಿನ ಅದು ಕೊರೆದ ತುಂಡು ನೋಡಿದರೆ ಇಲಿ ಕಡಿದ ಹಾಗಿತ್ತು. ಒಂದು ಬದಿ ದಪ್ಪ, ಒಂದು ಬದಿ ತೆಳು. ಕಿರುಚಾಟ ಬೇರೆ. ಕಟ್ಟಡ ಕಾಯುವ ನಾತೂರ್ ಮೇಲೆ ಬಂದು ಬಾಗಿಲು ತಟ್ಟಿದ. ಅವನ ಬಾಯಿಗೆ ನಾನು ಹುರಿದ ಬಂಗುಡೆ ಹಾಕಬೇಕಾಯಿತು, ವಾರಗಟ್ಟಲೆ.

ಇದು ನಡುಗುವುದು ಯಾಕೆ ಎಂದು ಕೇಳಿದ್ದಕ್ಕೆ, "ಚೀಪ್ ಅಲ್ವಾ ಅಕ್ಕಾ, ಮೈ ಸಡಿಲ. ಒಮ್ಮೆಗೇ ತಿನ್ಲಿಕ್ಕೆ ಕೊಟ್ರೆ ತಡ್ಕೊಳ್ಳುದಿಲ್ಲ. ಸ್ವಲ್ಪ ಸ್ವಲ್ಪ ಕೊಡ್ಬೇಕು" ಎಂದ. ಮಗುವಿಗೆ ಗಂಜಿ ಕುಡಿಸುವವನ ಹಾಗೆ ಹೇಳಿದ.

ಒಮ್ಮೆ ಕಬ್ಬಿಣದ ತುಂಡು ಹಾಕಿ ನೋಡಿದ. ಕಟ್ಟರ್ ಮುರಿದು ಹಾರಿ ಪ್ಲೈವುಡ್‌ಗೆ ನಾಟಿತು. ಇದ್ದ ಎರಡು ಬೆರಳೂ ಹೋಗ್ತಿತ್ತು ಎಂದೆ. ಕಬ್ಬಿಣ ಬೇಡ, ಅದು ಇದರ ಕೆಲಸವಲ್ಲ ಎಂದು ಗೊತ್ತಾಯಿತಲ್ಲ, ಎಂದ. ಕೆಳಗೆ ಯಾರೋ ಅಡುಗೆಮನೆ ಒಡೆಸಿ ಗ್ರಾನೈಟ್ ಬಿಸಾಡಿದ್ದರು. ಅದರ ಒಂದು ಹಲಗೆಯನ್ನು ನಾತೂರ್‌ನ ಕೈಯಲ್ಲೇ ಹೊರಿಸಿ ತಂದು, ನಡುಗದಿರಲಿ ಎಂದು ಮೆಷಿನನ್ನು ಅದಕ್ಕೆ ಬಿಗಿದ. ಮೆಷಿನ್‌ನ ಕಂಬ ಒಂದು ಕೂದಲಷ್ಟು ವಾಲಿದೆ ಎಂದು ಸೋಡಾ ಡಬ್ಬ ಕತ್ತರಿಸಿ ಅದರ ತಗಡನ್ನು ಕೆಳಗೆ ತುರುಕಿದ. ಕೊರೆಯುವುದು, ಅಳೆಯುವುದು, ಬಿಚ್ಚುವುದು, ಮತ್ತೆ ಕೊರೆಯುವುದು… ಆ ದಿನಗಳಲ್ಲಿ ನನ್ನ ದೋಸೆ ಹಿಟ್ಟಿನಲ್ಲೂ ಅಲ್ಯೂಮಿನಿಯಂ ಚೂರು ಮಿನುಗುತ್ತಿತ್ತು. ಮಗಳು ಅವನನ್ನು ಹೊರಗೆ ಹಾಕಿ ಎಂದು ಹಟ ಹಿಡಿದಳು. ಬಾಡಿಗೆ ಸರಿಯಾಗಿ ಕೊಡ್ತಾನೆ, ಇರಲಿ ಎಂದೆ. ಕರುಣೆಯಿಂದಲ್ಲ.

ಒಂದು ತೊಂದರೆ ಉಳಿದಿತ್ತು. ತುಂಡನ್ನು ಬಿಗಿ ಹಿಡಿಯುವ ವೈಸನ್ನು ತಿರುಗಿಸಲು ಅವನ ಬಲಗೈಗೆ ಶಕ್ತಿ ಇಲ್ಲ. ಎಡಗೈಗೆ ಅಭ್ಯಾಸ ಇಲ್ಲ. ಅದಕ್ಕೆ ಅವನೇ ಒಂದು ಉಪಾಯ ಮಾಡಿದ. ಒಂದು ಹಿಡಿ ಎಳೆದರೆ ಸಾಕು, ತುಂಡು ಬಿಗಿಯಾಗಿ ಕೂರುತ್ತದೆ. ಎರಡು ಬೆರಳಲ್ಲಿ ಎಳೆಯಬಹುದು. ತುಂಡನ್ನು ಓರೆಯಾಗಿ ಇಡಲು ಆಗದ ಹಾಗೆ ಸುತ್ತ ತಡೆ ಇಟ್ಟ. ಲ್ಯಾಪ್‌ಟಾಪಿನಲ್ಲಿ ಎಲ್ಲ ಜೋಡಿಸಿ ಕೊನೆಗೆ ಒಂದು ಬಟನ್ ಒತ್ತಿದರೆ ಮುಗಿಯಿತು ಎನ್ನುವ ಹಾಗೆ ಮಾಡಿದ. ಇಲ್ಲದ ಬೆರಳುಗಳ ಕೆಲಸವನ್ನೆಲ್ಲ ಒಂದೊಂದಾಗಿ ಆ ಮೆಷಿನ್‌ಗೆ ಕಲಿಸಿದ.

ಒಂದು ಶುಕ್ರವಾರ ಮಧ್ಯಾಹ್ನ ಅರಬಾಬ್ ನೋಡಲು ಬಂದ. ಮೊದಲು ಊಟ. ನೀರುದೋಸೆ, ಬಂಗುಡೆ ಗಸಿ. ಚೆನ್ನಾಗಿ ಉಂಡ, ಅಮ್ಮಾ ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕು ಎಂದ. ಹಾಕಲಿಲ್ಲ. ಆಮೇಲೆ ಬಾಲ್ಕನಿಯಲ್ಲಿ ಮಂಚದ ಮೇಲೆ ಕೂತ. ನಾನು ಬಾಗಿಲಲ್ಲಿ ನಿಂತೆ.

ಬಾಲ್ಕನಿಯವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕಬ್ಬಿಣಕ್ಕೆ ಇದು ಆಗದು, ಅಲ್ಯೂಮಿನಿಯಂ, ಹಿತ್ತಾಳೆಗೆ ತೊಂದರೆ ಇಲ್ಲ, ನಿಧಾನ ಆದರೂ ಅಳತೆ ತಪ್ಪುವುದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಂದು ಬ್ರಾಕೆಟ್ ಕೊರೆದೂ ತೋರಿಸಿದ. ಅರಬಾಬ್ ತಲೆಯಾಡಿಸಿದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

"ಕೈಯೇ ಬೇಡ ಅರಬಾಬ್" ಎಂದ. "ಯಾರು ಬೇಕಾದ್ರೂ ಓಡಿಸ್ಬಹುದು. ಬೇಕಾದ್ರೆ ನೋಡಿ, ಅಕ್ಕ ಓಡಿಸ್ತಾರೆ. ಬನ್ನಿ ಅಕ್ಕಾ."

ನಾನು ಸೆರಗಿಗೆ ಕೈ ಒರೆಸಿಕೊಂಡು ಹೋದೆ. ತುಂಡು ಇಡಿ ಎಂದ, ಇಟ್ಟೆ. ಹಿಡಿ ಎಳೆಯಿರಿ ಎಂದ, ಎಳೆದೆ. ಬಟನ್ ಒತ್ತಿ ಎಂದ, ಒತ್ತಿದೆ. ಮೆಷಿನ್ ತನ್ನ ಪಾಡಿಗೆ ಕೊರೆಯಿತು. ಅವನು ಪಕ್ಕದಲ್ಲಿ ನಿಂತು ಬಿಸಿ ಏರದ ಹಾಗೆ ಸೀಮೆಎಣ್ಣೆ ಚಿಮುಕಿಸಿದ, ಅಷ್ಟೆ. ಬ್ರಾಕೆಟ್ ಹೊರಗೆ ಬಂತು. ಅಳೆದು ನೋಡಿ ಮುಖ ಅರಳಿಸಿಕೊಂಡು ಅರಬಾಬ್‌ನ ಕೈಗೆ ಕೊಟ್ಟ.

ಅರಬಾಬ್ ಬ್ರಾಕೆಟ್ ನೋಡಲಿಲ್ಲ. ನನ್ನನ್ನು ನೋಡಿದ.

"ಅಮ್ಮ ಎಷ್ಟು ಓದಿದ್ದೀರಿ?"

"ಮೂರನೇ ಕ್ಲಾಸು" ಎಂದೆ.

"ಸಾಕು" ಎಂದ ಅರಬಾಬ್.

ನನಗೆ ಆಗಲೇ ಗೊತ್ತಾಯಿತು. ಬಾಲ್ಕನಿಯವನಿಗೆ ಗೊತ್ತಾಗಲಿಲ್ಲ. ಅವನು ಸಂಜೆ ಎಲ್ಲರಿಗೂ ಕುನಾಫಾ ತಂದು ಹಂಚಿದ. ನಾನೂ ತಿಂದೆ. ಸಿಹಿ ಚೆನ್ನಾಗಿತ್ತು. ಅವನಿಗೆ ಹೇಳಲಿಲ್ಲ ಯಾಕೆ ಎಂದು ಮಗಳು ಆಮೇಲೆ ಕೇಳಿದಳು. ಹೇಳಿದ್ದರೆ ಏನಾಗುತ್ತಿತ್ತು? ಮೆಷಿನ್‌ಗೆ ಕಲಿಸಿದ್ದು ಮರೆತುಹೋಗುತ್ತಿತ್ತಾ?

ಪಿಕಪ್ ಬಂತು. ಗ್ರಾನೈಟ್ ಹಲಗೆ ಸಮೇತ ಮೆಷಿನ್ ಹೋಯಿತು. ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು ಅವನೂ ಡ್ರೈವರ್ ಪಕ್ಕದಲ್ಲಿ ಕೂತು ಹೋದ. ಸಂಜೆ ಬಸ್ಸಿನಲ್ಲಿ ವಾಪಸ್ ಬಂದ. ಆಫೀಸಿನಲ್ಲಿ ಚಹ ಕೊಡುವವನಿಗೆ ಕಲಿಸಿ ಕೊಡು ಎಂದಿದ್ದರಂತೆ. ತನಗೆ ರಜೆ ಬೇಕಾದಾಗ ಒಬ್ಬ ಬೇಕಲ್ಲ, ಅದಕ್ಕೆ ಇರಬೇಕು, ಎಂದು ಅವನೇ ಅರ್ಥ ಮಾಡಿಕೊಂಡಿದ್ದ. ಒಂದೇ ದಿನದಲ್ಲಿ ಕಲಿತ ಅಕ್ಕಾ, ಎಂದು ಹೊಗಳಿದ ಬೇರೆ. ಚೆನ್ನಾಗಿ ಕಲಿಸಿ ಕೊಟ್ಟ. ಅರೆಬರೆ ಮಾಡುವವನಲ್ಲ ಅವನು.

ಆ ವಾರವೇ ವೀಸಾ ಕ್ಯಾನ್ಸಲ್ ಮಾಡಿದರು. ಮೋಸ ಏನೂ ಮಾಡಲಿಲ್ಲ, ಕೊಡಬೇಕಾದ್ದನ್ನು ಕೊಟ್ಟರು. ಖಲಾಸ್ ಎಂದು ಬೆನ್ನು ತಟ್ಟಿ ಕಳಿಸಿದರಂತೆ. ಬಾಲ್ಕನಿಯಲ್ಲಿ ಕೂತು ಅವನು ಪೆಟ್ಟಿಗೆ ಕಟ್ಟುವುದನ್ನು ನೋಡಿದೆ. ಎರಡು ಬೆರಳಲ್ಲಿ ಹಗ್ಗ ಗಂಟು ಬೀಳುವುದಿಲ್ಲ. ಮೂರು ನಾಲ್ಕು ಸಲ ಜಾರಿತು. ಕೊನೆಗೆ ನಾನೇ ಕಟ್ಟಿಕೊಟ್ಟೆ. "ನಾನು ಮಾಡಿದ್ದು ಎಲ್ಲಿ ತಪ್ಪಿತು ಅಕ್ಕಾ?" ಎಂದು ಕೇಳಿದ.

"ಎಲ್ಲೂ ತಪ್ಪಲಿಲ್ಲ. ಅದೇ ನಿನ್ನ ಗ್ರಹಚಾರ" ಎಂದೆ.

ಅವನು ಹೋದ ಮೇಲೆ ಬಾಲ್ಕನಿಗೆ ಬೇರೆಯವ ಬಂದ. ಖಾಲಿ ಇಡಲು ಅದೇನು ದೇವರಮನೆಯಾ?

ಊರಿಂದ ಒಮ್ಮೆ ಫೋನ್ ಮಾಡಿದ್ದ. ಕೆಲಸ ಸಿಕ್ಕಿತಾ ಎಂದು ನಾನು ಕೇಳಿದ್ದಕ್ಕೆ ಇಲ್ಲ ಎಂದು ಹೇಳಿ ಆ ಮಾತು ಬಿಟ್ಟ. ಅವನಿಗೆ ಬೇಕಾದದ್ದು ಮೆಷಿನ್‌ನ ಸುದ್ದಿ. ಆ ವರ್ಕ್‌ಶಾಪ್‌ನವನೊಬ್ಬ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದುದರಿಂದ ನನಗೆ ತಿಳಿದಿತ್ತು. "ಓಡ್ತದೆ ಮಾರಾಯ. ಚಹ ಕೊಡುವವ ಓಡಿಸ್ತಾನೆ. ಒಂದು ತುಂಡೂ ಹಾಳಾಗ್ಲಿಲ್ಲ ಅಂತೆ" ಎಂದೆ.  "ಹಾಗಾದ್ರೆ ನಾನು ಕೂರಿಸಿದ್ದು ಸರಿ ಉಂಟು" ಎಂದ. ಧ್ವನಿಯಲ್ಲಿ ಖುಷಿ ಇತ್ತು. ಬಯ್ದಿದ್ದರೆ, ಅತ್ತಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆ ಖುಷಿ ಮಾತ್ರ…

ಈಗ ನಾವು ದುಬೈನ ಡಿಸ್ಕವರಿ ಗಾರ್ಡನ್ಸ್‌ನಲ್ಲಿದ್ದೇವೆ. ಮಿರ್ದಿಫ್‌ನಿಂದ ಬಂದ ಮರುದಿನ ಅಳಿಯನ ಹತ್ತಿರ ಬಾಲ್ಕನಿಯವನ ಹಳೆಯ ನಂಬರ್ ಹುಡುಕಿಸಿ ಫೋನ್ ಹಚ್ಚಿಸಿದೆ. ಯಾಕೆ ಎಂದು ಅವನು ಕೇಳಿದ. ಸುಮ್ಮನೆ ಹಚ್ಚು ಎಂದೆ. ಎತ್ತಿದವಳು ಹೆಂಡತಿ. ಅವನು ತೀರಿಕೊಂಡು ಎರಡು ವರ್ಷವಾಯಿತಂತೆ. ಎದೆನೋವು. ಅಡುಗೆ ಮುಗಿಯಿತಾ ಎಂದು ಕೇಳುವಷ್ಟು ಸಲೀಸಾಗಿ ಹೇಳಿದಳು, ಹೇಳಿ ಹೇಳಿ ಅಭ್ಯಾಸವಾಗಿರಬೇಕು. ತಾವು ಯಾರು ಎಂದು ಕೇಳಿದಳು. ಅಬುಧಾಬಿಯಲ್ಲಿ ಅಡುಗೆ ಮಾಡುತ್ತಿದ್ದವಳು ಎಂದೆ.

"ಓ, ನೀವಾ? ನಿಮ್ಮ ವಿಷಯ ತುಂಬ ಹೇಳ್ತಿದ್ರು. ಅಕ್ಕನಿಗೂ ಮೆಷಿನ್ ಓಡಿಸ್ಲಿಕ್ಕೆ ಕಲಿಸಿದ್ದೇನೆ ಅಂತ. ಬಂದವರ ಹತ್ರ ಎಲ್ಲ ಹೇಳ್ತಿದ್ರು."

"ಹೌದು" ಎಂದೆ. "ಚೆನ್ನಾಗಿ ಕಲಿಸಿದ್ದ."

ಅವಳು ಇನ್ನೂ ಏನೋ ಕೇಳುತ್ತಿದ್ದಳು. ನಾನು ಫೋನನ್ನು ಅಳಿಯನ ಕೈಗೆ ಕೊಟ್ಟೆ.